ಗೌರಕ್ಕನ ಕೈಗುಣ

ನನ್ನ ವಾರಗಿತ್ತಿ ಗೌರಮ್ಮನ ಕೈಯಲ್ಲಿ ಗುಣವಿಲ್ಲ ಎಂದು ಕಲ್ಯಾಣದುರ್ಗದ ನಮ್ಮ ಬೀದಿ ಇಷ್ಟು ವರ್ಷ ನಂಬಿಕೊಂಡು ಬಂದಿತು. ಮೊನ್ನೆ ಮೊನ್ನೆಯವರೆಗೆ ಅವಳೂ ನಂಬಿದ್ದಳು. ಅದು ಸುಳ್ಳು. ಆ ಸುಳ್ಳನ್ನು ಮಾಡಿದವಳು ನಾನು — ಕೈಯಾರೆ ಮಾಡಿದೆ, ಒಲೆಯ ಮೇಲೆ, ಹಿತ್ತಾಳೆಯ ಬೋಗುಣಿಯಲ್ಲಿ, ನನ್ನ ತವರಿನ ಬೆಲ್ಲ ಹಾಕಿ. ಮೊದಲ ಸಲ ತಿಳಿಯದೆ ಮಾಡಿದೆ. ಎರಡನೆಯ ಸಲ ತಿಳಿದೇ ಮಾಡಿದೆ. ಆ ಎರಡನೆಯದನ್ನು ಹೇಳುವುದಕ್ಕೇ ಈಗ ಕೂತಿದ್ದೇನೆ. ಮೊದಲನೆಯದು ಅಲ್ಲಿಗೆ ಹೋದ ದಾರಿ, ಅಷ್ಟೆ.

ನನ್ನ ಹೆಸರು ಶಾಂತಮ್ಮ. ಹುಟ್ಟಿದ್ದು ಹಿಂದೂಪುರದಲ್ಲಿ, ಬೆಲ್ಲದ ಮಂಡಿಯವರ ಮನೆಯಲ್ಲಿ. ನಡೆಯಲು ಕಲಿತದ್ದೇ ಬೆಲ್ಲದ ಅಚ್ಚುಗಳ ನಡುವೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಕನ್ನಡ ಓದು ಬರಹವನ್ನೂ ಅವರೇ ಕಲಿಸಿದರು. ಕೊಟ್ಟದ್ದು ಕಲ್ಯಾಣದುರ್ಗಕ್ಕೆ, ಕಡಲೆಕಾಯಿ ಮತ್ತು ಹುಣಸೆಹಣ್ಣಿನ ವ್ಯಾಪಾರದ ಮನೆಗೆ. ನನ್ನ ಬದುಕಿನ ಮೇಲೆ ನನಗೆ ದೂರಿಲ್ಲ. ಗಂಡ ಒಳ್ಳೆಯವರು, ಮನೆ ತುಂಬಿದೆ, ಊಟಕ್ಕೆ ಕೂತರೆ ಒಂದು ಸಾಲು ಸಾಲದು. ಸುಖವಾಗಿದ್ದೇನೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆ ಇರುವುದು ಆ ಸುಖದ ಒಂದು ಪಾಲು ಎಲ್ಲಿಂದ ಬಂತು ಎಂಬುದರಲ್ಲಿ.

ಹಿತ್ತಲ ಗಿಡ ಮದ್ದಲ್ಲ ಎಂದು ಜನ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಹಿತ್ತಲ ಗಿಡವೇ ಮದ್ದು. ಬಚ್ಚಲ ನೀರು ಹರಿದು ಹೋಗುವ ಕಡೆ ನಾಲ್ಕಾರು ಪರಂಗಿ ಗಿಡಗಳು ಯಾವ ಕಾಲಕ್ಕೂ ಇರುತ್ತಿದ್ದವು. ತೆಲುಗಿನವರ ಬಾಯಲ್ಲಿ ಅದು ಬೊಪ್ಪಾಯಿ. ಮಕ್ಕಳ ಹೊಟ್ಟೆಯ ಜಂತುಹುಳಕ್ಕೆ ಅದರ ಹಾಲನ್ನು ಕೊಡುವುದು ನಮ್ಮ ಅತ್ತೆಯ ಮನೆತನಕ್ಕೆ ಬಂದ ಕೆಲಸ. ಬೆಳಗ್ಗೆ ಬಿಸಿಲು ಏರುವ ಮೊದಲು ಅತ್ತೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಜಾಲಿಮುಳ್ಳು ಹಿಡಿದು ಗಿಡದ ಹತ್ತಿರ ಹೋಗುತ್ತಿದ್ದರು. ಎಳೆಯ ಕಾಯಿಯ ಮೇಲೆ ಮುಳ್ಳಿನಿಂದ ಗೀರು ಹಾಕಿದರೆ ಹಾಲು ಹನಿಹನಿಯಾಗಿ ಇಳಿಯುತ್ತದೆ. ಅದನ್ನು ತೆಂಗಿನ ಚಿಪ್ಪಿನಲ್ಲಿ ಹಿಡಿದು, ಜೇನಿನಲ್ಲಿ ಕಲಸಿ, ಬರಿಹೊಟ್ಟೆಯ ಮಗುವಿಗೆ ನೆಕ್ಕಿಸುತ್ತಿದ್ದರು. ಆಮೇಲೆ ಹರಳೆಣ್ಣೆ. ಮರುದಿನ ಆ ಮಗುವಿನ ತಾಯಿ ಬಂದು, ಮೂಗಿಗೆ ಸೆರಗು ಹಿಡಿದು, ಏನೇನು ಬಿತ್ತು ಎಂದು ಸಂತೋಷವಾಗಿ ವರದಿ ಒಪ್ಪಿಸುತ್ತಿದ್ದಳು. ದುಡ್ಡು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಕೈಗುಣ ಹೋಗುತ್ತದೆ ಎಂದು ನಂಬಿಕೆ.

ಆ ಕೈಗುಣದ ಮಾತೇ ಎಲ್ಲಕ್ಕೂ ಮೂಲ. ಮದ್ದು ಎಲ್ಲರಿಗೂ ಸಿಗುತ್ತದೆ, ಬೇಲಿಬೇಲಿಗೂ ಪರಂಗಿ ಗಿಡ ಇದೆ. ಆದರೆ ವಾಸಿಯಾಗುವುದು ಕೊಡುವವರ ಕೈಯಿಂದ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಬೆಳುಗುಪ್ಪದಿಂದ, ಕಂಬದೂರಿನ ಕಡೆಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದವರು ನಮ್ಮ ಗಿಡಕ್ಕಾಗಿ ಬರುತ್ತಿರಲಿಲ್ಲ. ಅತ್ತೆಯ ಕೈಗಾಗಿ ಬರುತ್ತಿದ್ದರು.

ಅತ್ತೆಯ ಕಣ್ಣು ಮಂಜಾಗಿ, ಕೈ ನಡುಗಲು ಶುರುವಾದಾಗ ಆ ಕೆಲಸ ಹಿರಿಯ ಸೊಸೆಗೆ ಹೋಗಬೇಕಾಗಿತ್ತು. ಹಿರಿಯ ಸೊಸೆ ಎಂದರೆ ಗೌರಕ್ಕ. ಬೆಳುಗುಪ್ಪದ ಕಡೆಯ ಲಿಂಗವಂತ ಒಕ್ಕಲು ಮನೆಯ ಹೆಣ್ಣು, ಎತ್ತರದ ಆಳು, ದೊಡ್ಡ ಕೈ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ರೊಟ್ಟಿ ತಟ್ಟಲು ಬರದೆ ಕಣ್ಣೀರು ಹಾಕುತ್ತಿದ್ದಾಗ, ತಾನು ತಟ್ಟಿದ ರೊಟ್ಟಿಗಳನ್ನು ನನ್ನ ಕಡೆಗೆ ತಳ್ಳಿ, 'ಇವು ಶಾಂತಂದು ಕಣತ್ತೆ' ಎಂದು ಸುಳ್ಳು ಹೇಳಿದವಳು ಅವಳು. ಅವಳು ನನಗಾಗಿ ಹೇಳಿದ ಸುಳ್ಳು ಅಷ್ಟು ಚಿಕ್ಕದು. ನಾನು ಅವಳಿಗೆ —

ಇರಲಿ, ಸಾಲಾಗಿ ಹೇಳುತ್ತೇನೆ.

ಅಕ್ಕ ಮೊದಲು ಮದ್ದು ಕೊಟ್ಟದ್ದು ಗಾಡಿ ಹೊಡೆಯುವ ಓಬಳೇಶಪ್ಪನ ಮಗಳಿಗೆ. ಆ ಹುಡುಗಿಗೆ ಬಾಯಿಗಿಟ್ಟದ್ದನ್ನು ಉಗಿಯುವ ಚಾಳಿ. ಪರಂಗಿ ಹಾಲು ನಾಲಿಗೆಗೆ ಚುರುಚುರು ಎನ್ನುತ್ತದೆ, ಕಹಿ ಬೇರೆ. ಜೇನು ಮುಗಿದಿತ್ತು. ಬೆಲ್ಲವಾದರೂ ಆಗುತ್ತದೆ ಎಂದು ಅತ್ತೆ ಒಳಗಿನಿಂದ ಕೂಗಿ ಹೇಳಿದರು. ಬೆಲ್ಲ ಎಂದ ಕೂಡಲೇ ಹಿಂದೂಪುರದ ಹುಡುಗಿಗೆ ಹುರುಪು ಬಂತು ನೋಡಿ. ಮಂಡಿಯವರ ಮಗಳು ಬೆಲ್ಲವನ್ನು ಪುಡಿ ಮಾಡಿ ಹಾಗೇ ಕೊಟ್ಟಾಳೆಯೇ? ಪಾಕ ಕಾಯಿಸಿ, ಹಾಲನ್ನು ಅದರಲ್ಲೇ ಹಾಕಿ ಕುದಿಸಿ, ಏಲಕ್ಕಿ ಬೆರೆಸಿ, ತುಪ್ಪ ಸವರಿದ ಕೈಯಲ್ಲಿ ಪುಟ್ಟ ಉಂಡೆ ಕಟ್ಟಿಕೊಟ್ಟೆ. ಉಗಿಯುವ ಹುಡುಗಿ ತಿಂದು ಇನ್ನೊಂದು ಕೇಳಿದಳು. ಅಕ್ಕ ನಕ್ಕಳು. 'ಮದ್ದೋ ಮಿಠಾಯೋ ಗೊತ್ತಾಗಾಕಿಲ್ಲ ಕಣೆ, ಚೆನ್ನಾಗ್ ಮಾಡಿದೀಯ' ಅಂದಳು. ನನಗೆ ಬೆನ್ನು ತಟ್ಟಿದಷ್ಟು ಖುಷಿಯಾಯಿತು.

ಹುಳ ಬೀಳಲಿಲ್ಲ. ಹರಳೆಣ್ಣೆ ತನ್ನ ಕೆಲಸ ಮಾಡಿತು, ಅಷ್ಟೆ. ಅದರ ಹಿಂದೆ ಬಂದ ಮಕ್ಕಳಿಗೂ ನನ್ನ ಉಂಡೆಯನ್ನೇ ಅಕ್ಕ ಕೊಟ್ಟಳು, ಅವೂ ಬಂದ ಹಾಗೇ ಹೋದವು. ತಾಯಂದಿರು ಜಗಲಿಯವರೆಗೆ ಬಂದು ಅತ್ತೆಯ ಮುಖ ನೋಡಿ, ಅಕ್ಕನ ಮುಖ ನೋಡಿ, ಏನೂ ಹೇಳದೆ ತಿರುಗುತ್ತಿದ್ದರು. ಹೇಳಿದವಳು ಓಬಳೇಶಪ್ಪನ ತಾಯಿ. 'ಏಮನುಕೋವದ್ದು ಗೌರಮ್ಮ, ತಪ್ಪು ತಿಳ್ಕೋಬ್ಯಾಡ. ನಿನ್ ಕೈ ತಣ್ಣಗೈತೆ. ಎಲ್ರಿಗೂ ಬರಲ್ಲ ಬಿಡು' ಅಂದಳು. ಬೀದಿಗೆ ಅಷ್ಟು ಸಾಕಾಯಿತು.

ಎಲ್ಲಿ ತಪ್ಪುತ್ತಿದೆ ಎಂಬುದು ಇಷ್ಟು ಹೊತ್ತಿಗೆ ನನಗೆ ತಿಳಿಯಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ನಿಜವಾಗಿಯೂ ತಿಳಿದಿರಲಿಲ್ಲ. ಅತ್ತೆಯ ಕಾಲದಲ್ಲಿ ಹಾಲು ಒಲೆಯ ಹತ್ತಿರ ಹೋದದ್ದೇ ಇಲ್ಲ. ಹೋಗಬಾರದು ಎಂದು ಯಾರೂ ಹೇಳಿದ್ದೂ ಇಲ್ಲ, ಹೇಳುವ ಪ್ರಮೇಯವೇ ಬಂದಿರಲಿಲ್ಲ. ಮಾಂಸ ತಿನ್ನುವ ಯಾವ ಮನೆಯಲ್ಲಾದರೂ ಚಿಕ್ಕ ಹುಡುಗಿಯೂ ಈ ತಪ್ಪು ಮಾಡುತ್ತಿರಲಿಲ್ಲ. ನಮ್ಮದು ಬೆಳ್ಳುಳ್ಳಿಯನ್ನೂ ಯೋಚಿಸಿ ಹಾಕುವ ಲಿಂಗವಂತರ ಮನೆ.

ಹಿತ್ತಲ ಗೋಡೆಯ ಆಚೆ ಸಾಕಮ್ಮನ ಮನೆ. ರಾಗಿ, ಕಡಲೆಕಾಯಿ ಬೆಳೆಯುವ ಒಕ್ಕಲಿನವರು. ಅವಳು ಹಬ್ಬದ ಮರುದಿನ ಗೋಡೆಯ ಮೇಲೆ ಮುಖ ಇಟ್ಟು 'ಒಂದು ಪರಂಗಿ ಕಾಯಿ ಕೊಡ್ರಮ್ಮ' ಎಂದು ಕೇಳುತ್ತಿದ್ದಳು. ಯಾತಕ್ಕೆ ಎಂದು ಅವಳು ಹೇಳುತ್ತಿರಲಿಲ್ಲ, ನಾವು ಕೇಳುತ್ತಿರಲಿಲ್ಲ. 'ಪಲ್ಯಕ್ಕೇನೋ ಪಾಪ' ಎಂದು ಅತ್ತೆ ಎಲ್ಲರಿಗೂ ಕೇಳುವಂತೆ ಹೇಳಿ ಕೊಡಿಸುತ್ತಿದ್ದರು. ಸಂಜೆ ಆಚೆಯ ಮನೆಯಿಂದ ಪಲ್ಯದ್ದಲ್ಲದ ವಾಸನೆ ಬರುತ್ತಿತ್ತು. ಆಗ ನಾವೆಲ್ಲ ಸಾಂಬ್ರಾಣಿ ಹೊಗೆ ಹಾಕುತ್ತಿದ್ದೆವು.

ಒಂದು ದಿನ ಮನೆಯಲ್ಲಿ ಅತ್ತೆಯೂ ಇಲ್ಲ, ಅಕ್ಕನೂ ಇಲ್ಲ. ಕಾಯಿ ಕೊಡುವಾಗ ನಾನೇ ಬಾಯಿಬಿಟ್ಟು ಕೇಳಿದೆ, ಇದನ್ನು ಹಾಕಿದರೆ ಏನಾಗುತ್ತದೆ ಎಂದು. ಸಾಕಮ್ಮ ಆಚೆ ಈಚೆ ನೋಡಿ ದನಿ ಇಳಿಸಿದಳು.

'ಮುದಿ ಮೇಕೆದಾದ್ರೂ ಬೆಣ್ಣೆ ಆಗೋಯ್ತದೆ ಕಣಮ್ಮ. ಕಾಯಿ ಅರೆದು ಹಸೀದಕ್ಕೆ ಸವರಿ ಇಡ್ಬೇಕು. ಅದರ ಹಾಲು ಮಾಂಸಾನೇ ತಿಂದಾಕ್ಬುಡ್ತದೆ.'

'ಬೇಯಿಸುವಾಗ ಹಾಕಿದ್ರೆ?'

'ಕುದಿಯೋದ್ರಾಗ ಹಾಕಿದ್ರೆ ಏಮೀ ಉಂಡದು, ಏನೂ ಇರಾಕಿಲ್ಲ. ಬೆಂಕಿ ಕಂಡ್ರೆ ಅದು ಸತ್ತೋಯ್ತದೆ. ಹಸೀಲಿದ್ರೇನೇ ಅದರ ಆಟ.'

ಮಾಂಸವನ್ನು ತಿಂದುಹಾಕುವ ಹಾಲು ಹುಳವನ್ನು ಬಿಟ್ಟೀತೇ — ಅತ್ತೆಯ ಕೈಯಲ್ಲಿ ಇಷ್ಟು ಕಾಲ ನಡೆದದ್ದು ಅದೇ. ಅದನ್ನು ಪಾಕದಲ್ಲಿ ಕುದಿಸಿ ಕೊಂದವಳು ನಾನು. ಅಕ್ಕನ ಕೈ ತಣ್ಣಗಿರಲಿಲ್ಲ. ನನ್ನ ಒಲೆ ಬಿಸಿಯಾಗಿತ್ತು.

ಓಡಿಹೋಗಿ ಹೇಳಬೇಕು ಅನ್ನಿಸಿತು. ಅನ್ನಿಸಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ನಗುತ್ತಾ ಹೇಳಿಬಿಡಬಹುದಾಗಿತ್ತು, ಅವಳೂ ನಗುತ್ತಿದ್ದಳು. ಆದರೆ ಅದೇ ವಾರ ಅತ್ತೆ ನನ್ನ ಕೈ ಹಿಡಿದು ಬೆರಳುಗಳನ್ನು ಸವರಿ, 'ಹಿರಿಯವಳಿಗೆ ಬರ್ದಿದ್ರೆ ನಿನ್ ಕೈಲಿ ಒಂದ್ಸಲ ನೋಡಾನ ಕಣಮ್ಮ' ಅಂದಿದ್ದರು. ಆ ಮಾತು ನನ್ನೊಳಗೆ ಕೂತುಬಿಟ್ಟಿತ್ತು. ಊರೂರಿನಿಂದ ಗಾಡಿ ಬಂದು ನಿಲ್ಲುವುದು, ತಾಯಂದಿರು ಹೆಸರು ಹಿಡಿದು ಕೇಳಿಕೊಂಡು ಬರುವುದು... ಮನೆಯ ಕಿರಿಯ ಸೊಸೆಯ ಹೆಸರನ್ನು ಯಾರು ಕೇಳಿಕೊಂಡು ಬರುತ್ತಾರೆ? ನನಗೆ ಅದು ಬೇಕಾಗಿತ್ತು. ಆಸೆಯಿತ್ತು ಎಂದು ಹೇಳುತ್ತಿದ್ದೇನೆ, ಅದು ಸಮರ್ಥನೆಯಲ್ಲ. ಆಸೆ ಎಲ್ಲರಿಗೂ ಇರುತ್ತದೆ, ಎಲ್ಲರೂ ಮುಂದಿನ ಕೆಲಸ ಮಾಡುವುದಿಲ್ಲ.

ಅಕ್ಕನ ಮಗ ಮಲ್ಲನಿಗೆ ಆಗಿನ್ನೂ ಮಾತು ತೊದಲು. ಹೊಟ್ಟೆ ಗುಡಾಣದ ಹಾಗೆ ಉಬ್ಬಿತು. ಹಲ್ಲು ಕಡಿಯುತ್ತಿದ್ದ, ಹೊಕ್ಕುಳ ಹಿಡಿದುಕೊಂಡು ಅಳುತ್ತಿದ್ದ, ಅನ್ನ ಸೇರುತ್ತಿರಲಿಲ್ಲ. ಅಕ್ಕ ಅತ್ತೆಯ ಮುಂದೆ ಬಂದು ನಿಂತಳು. ಬೀದಿಯವರ ಮಾತು ಏನಾದರೂ ಇರಲಿ, ತನ್ನ ಮಗನಿಗೆ ತಾನೇ ಕೊಡುತ್ತೇನೆ ಎಂದಳು. ಹೆತ್ತ ಕೈಗಿಂತ ಗುಣದ ಕೈ ಯಾವುದಿದೆ, ಈಗಲಾದರೂ ನನ್ನ ಕೈ ನಡೆದೀತು ಎಂದು ಅವಳ ಆಸೆ. ಅತ್ತೆ ಅವಳ ಹಣೆಗೆ ವಿಭೂತಿ ಹಚ್ಚಿ ಕಳಿಸಿದರು. ಅಕ್ಕ ಮುಳ್ಳು ಹಿಡಿದು ಹೋಗಿ ಹಾಲು ತಂದಳು. ಅಡುಗೆಮನೆಗೆ ಬಂದು ಚಿಪ್ಪನ್ನು ನನ್ನ ಕೈಗೆ ಕೊಟ್ಟಳು.

'ಶಾಂತಾ, ಇವ್ನು ಕಹಿ ಮುಟ್ಟಾಕಿಲ್ಲ. ನಿನ್ ಉಂಡೆ ಮಾಡ್ಕೊಡ್ತೀಯೇನೆ?'

ನಾನು 'ಮಾಡ್ಕೊಡ್ತೀನಿ ಬಿಡಕ್ಕ' ಅಂದೆ.

ಇಷ್ಟೇ ಮಾತು. ಬೇರೆ ಯಾವ ಸಂಚೂ ಇಲ್ಲ, ವಿಷ ಬೆರೆಸಲಿಲ್ಲ, ಯಾರ ಕಿವಿಯಲ್ಲೂ ಏನೂ ಊದಲಿಲ್ಲ. ಕೇಳಿದ್ದನ್ನು ಮಾಡಿಕೊಟ್ಟೆ. ಬೋಗುಣಿ ಇಟ್ಟೆ, ಬೆಲ್ಲ ಕರಗಿಸಿದೆ, ಪಾಕ ಕುದಿಯುವುದನ್ನು ನೋಡುತ್ತಾ ನಿಂತೆ. ಇಳಿಸಿ ಆರಿಸಿ ಆಮೇಲೆ ಹಾಲು ಬೆರೆಸಬಹುದಾಗಿತ್ತು. ಅದು ನನಗೆ ಗೊತ್ತಿತ್ತು. ಚಿಪ್ಪನ್ನು ಕುದಿಯುವ ಪಾಕಕ್ಕೇ ಬಗ್ಗಿಸಿದೆ. ಅಕ್ಕ ಪಕ್ಕದಲ್ಲೇ ಮಗನನ್ನು ಎತ್ತಿಕೊಂಡು, ಒಳ್ಳೆಯ ವಾಸನೆ ಬರ್ತೈತೆ ನೋಡು ಮಲ್ಲ, ಎಂದು ಅವನನ್ನು ರಮಿಸುತ್ತಿದ್ದಳು.

ಮಗು ಉಂಡೆ ತಿಂದಿತು. ಮರುದಿನ ಏನೂ ಆಗಲಿಲ್ಲ. ಅದರ ಮರುದಿನ ನೋವು ಹೆಚ್ಚಾಗಿ ಹಸಿರು ವಾಂತಿ ಮಾಡಿಕೊಂಡಿತು, ಬಾಯಿಂದಲೇ ಒಂದು ಹುಳ ಬಂತು. ಮನೆಯಲ್ಲಿ ಒಲೆ ಹಚ್ಚಲಿಲ್ಲ. ಗಾಡಿ ಕಟ್ಟಿ ಅನಂತಪುರದ ಆಸ್ಪತ್ರೆಗೆ ಒಯ್ಯಬೇಕೆಂದು ಗಂಡಸರು, ದಾರಿಯಲ್ಲೇ ಏನಾದರೂ ಆದರೆ ಎಂದು ಹೆಂಗಸರು. ಅಕ್ಕ ಮಾತ್ರ ತನ್ನ ಎರಡು ಕೈಗಳನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅವನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಎದ್ದು ನನ್ನ ಹತ್ತಿರ ಬಂದಳು.

'ನೀನ್ ಕೊಡು ಶಾಂತಾ. ನನ್ ಕೈ ಬ್ಯಾಡ. ನನ್ ಮಗ ಉಳೀಲಿ.'

ನಾನು ಹಿತ್ತಲಿಗೆ ಓಡಿದೆ. ಅವಸರಕ್ಕೆ ಮುಳ್ಳು ಎರಡು ಸಲ ಬಿತ್ತು. ಹಸಿ ಹಾಲನ್ನು ಅಲ್ಲೇ ಗಿಡದ ಬುಡದಲ್ಲಿ ಬೆಲ್ಲದ ಪುಡಿಯಲ್ಲಿ ಕಲಸಿ ತಂದು, ಮಗುವಿನ ಮೂಗು ಹಿಡಿದು ನುಂಗಿಸಿದೆ. ಆಗ ನಾನು ಬೇಡಿಕೊಂಡದ್ದು ನನ್ನ ಹೆಸರಿಗಾಗಿ ಅಲ್ಲ, ಇದನ್ನಾದರೂ ನಂಬಿ. ಆ ಮಗು ಹೋಗಿದ್ದರೆ... ಈ ವಾಕ್ಯವನ್ನು ಮುಗಿಸಲು ನನಗೆ ಈವರೆಗೂ ಆಗಿಲ್ಲ.

ಮಲ್ಲ ಉಳಿದ. ಬಿದ್ದ ಹುಳಗಳ ಗೊಂಚಲು ನೋಡಿ ಬೀದಿಯೆಲ್ಲ ಬಾಯಿಯ ಮೇಲೆ ಕೈ ಇಟ್ಟುಕೊಂಡಿತು. ಅವು ಅರೆಬರೆ ಕರಗಿದ್ದವು. ಅಕ್ಕ ಎಲ್ಲರ ಮುಂದೆ ನನ್ನ ಎರಡು ಕೈಗಳನ್ನೂ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಅವಳ ಕಣ್ಣೀರು ನನ್ನ ಬೆರಳ ಸಂದಿಯಲ್ಲಿ ಇಳಿಯಿತು. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಅಲ್ಲಿಂದ ಕೆಲಸ ನನ್ನದಾಯಿತು. ಹಿಂದೂಪುರದ ಶಾಂತಮ್ಮನ ಕೈ ಎಂದು ಹೆಸರಾಯಿತು. ಪೆನುಕೊಂಡದ ಕಡೆಯಿಂದಲೂ ಮಕ್ಕಳನ್ನು ಎತ್ತಿಕೊಂಡು ಬಂದರು. ನನಗೂ ಮಕ್ಕಳಾದವು, ಮಲ್ಲ ಅವರಿಗೆ ಅಣ್ಣನಾಗಿ ಬೆಳೆದ. ವಾರಗಿತ್ತಿಯರು ಎಂದರೆ ಒಂದು ಕಂಬಕ್ಕೆ ಕಟ್ಟಿದ ಎರಡು ಬೆಕ್ಕು ಎನ್ನುತ್ತಾರಲ್ಲ, ನಮ್ಮಿಬ್ಬರ ನಡುವೆ ಒಂದು ದಿನವೂ ಜಗಳ ಬರಲಿಲ್ಲ. ಜನ ನಮ್ಮನ್ನು ತೋರಿಸಿ ಸೊಸೆಯರಿಗೆ ಬುದ್ಧಿ ಹೇಳುತ್ತಿದ್ದರು. ಅಕ್ಕ ನನ್ನ ಮಾತಿಗೆ ಎದುರಾಡುತ್ತಿರಲಿಲ್ಲ. ಮಗನ ಜೀವ ಕೊಟ್ಟವಳ ಹತ್ತಿರ ಯಾರು ಜಗಳವಾಡುತ್ತಾರೆ? ನಮ್ಮ ಮನೆಯ ಶಾಂತಿ ಅಂಥದ್ದು, ನಾನು ಅದರೊಳಗೆ ಸುಖವಾಗಿ ನಿದ್ದೆ ಮಾಡಿದೆ.

ಒಮ್ಮೆ ಅವಳು ಸುಮ್ಮನೆ ಕೇಳಿದ್ದುಂಟು. 'ಈಗ ಪಾಕ ಯಾಕೆ ಮಾಡಲ್ಲ ನೀನು? ಮಕ್ಕಳು ಇಷ್ಟಪಡ್ತಿದ್ವಲ್ಲ.' ನಾನು 'ಅತ್ತೆ ಬೇಡ ಅಂದ್ರು' ಅಂದೆ. ಅತ್ತೆ ಆಗಲೇ ತೀರಿಕೊಂಡಿದ್ದರು. ಸತ್ತವರ ಹೆಸರಿನಲ್ಲಿ ಹೇಳಿದ ಸುಳ್ಳನ್ನೂ ಇಲ್ಲಿ ಸೇರಿಸಿಕೊಳ್ಳಿ.

ಇನ್ನೊಮ್ಮೆ ಹಿಂದೂಪುರದಿಂದ ನನ್ನ ಅಣ್ಣನ ಪರಿಚಯದ ಡಾಕ್ಟರೊಬ್ಬರು ಬಂದಿದ್ದರು. ಯುದ್ಧದ ಕಾಲ, ಹುಳದ ಮಾತ್ರೆ ಎಲ್ಲಿಯೂ ಸಿಗುತ್ತಿರಲಿಲ್ಲ. ನಮ್ಮ ಮದ್ದನ್ನು ಕಣ್ಣಾರೆ ನೋಡಿ ಖುಷಿಪಟ್ಟು ಜಗಲಿಯ ಮೇಲೆ ಕೂತು ವಿವರಿಸಿದರು. ಹೊಟ್ಟೆಗೆ ಹೋದ ಅನ್ನವನ್ನು ನಮ್ಮ ಹೊಟ್ಟೆ ಅರಗಿಸುವ ಹಾಗೆ ಈ ಹಾಲಿನಲ್ಲಿರುವ ಒಂದು ಸತ್ವ ಹುಳದ ಚರ್ಮವನ್ನೇ ಅರಗಿಸುತ್ತದಂತೆ. ಅದಕ್ಕೆ ಎನ್ಜೈಮ್ ಎಂದು ಹೆಸರಂತೆ. 'ಕುದಿಸಿದರೆ ಮಾತ್ರ ಕೆಟ್ಟುಹೋಗುತ್ತದೆ ಕಣಮ್ಮ, ಯಾರು ಕೊಟ್ಟರೂ ಹಸಿಯಾಗಿಯೇ ಕೊಡಬೇಕು' ಎಂದು ಅವರು ಹೇಳುವ ಹೊತ್ತಿಗೆ ಅಕ್ಕ ಮಜ್ಜಿಗೆ ಹಿಡಿದು ಬಾಗಿಲಿಗೆ ಬಂದಳು. ನಾನು ತಕ್ಷಣ ಮಳೆಯ ಮಾತು ತೆಗೆದೆ.

ಈಗ ಅವಳ ಕೈಯ ವಿಷಯ ಹೇಳಬೇಕು. ಅದು ಮದ್ದಿಗೆ ಮಾತ್ರ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲವೋ ಏನೋ. ಅಕ್ಕ ಒಂದೊಂದೇ ಕೆಲಸದಿಂದ ಕೈ ಹಿಂದಕ್ಕೆ ತೆಗೆದುಕೊಂಡಳು. ಉಪ್ಪಿನಕಾಯಿಗೆ ಮೊದಲ ಹಿಡಿ ಉಪ್ಪು ಹಾಕುವುದಿಲ್ಲ, ಕೆಡುತ್ತದೆ ಎಂದು. ಬಿತ್ತನೆಗೆ ಬೀಜ ಎತ್ತಿಕೊಡುವುದಿಲ್ಲ. ಹಾಲಿಗೆ ಹೆಪ್ಪು ಹಾಕುವುದಿಲ್ಲ. ಬಾಣಂತಿಗೆ ಎಣ್ಣೆ ಒತ್ತುವುದಿಲ್ಲ. ಕಸುವಿನ ಕೆಲಸವೆಲ್ಲ ಅವಳದೇ — ನೀರು ಸೇದುವುದು, ಬೀಸುವುದು, ಮೂಟೆ ಹೊಲಿಯುವುದು. ಯಾವುದನ್ನಾದರೂ ಆರಂಭಿಸುವುದು ಮಾತ್ರ ಬೇಡ. 'ಮೊದ್ಲು ನೀನ್ ಹಾಕು, ಆಮ್ಯಾಲೆ ನಾನ್ ನೋಡ್ಕೊಂತೀನಿ' ಎನ್ನುತ್ತಿದ್ದಳು. ದುಃಖದಿಂದ ಹೇಳುತ್ತಿರಲಿಲ್ಲ, ಹೊತ್ತಾಯ್ತು ಊಟಕ್ಕೆ ಏಳು ಎನ್ನುವಷ್ಟು ಸಹಜವಾಗಿ. ಕೇಳಿ ಕೇಳಿ ನನಗೂ ಸಹಜವಾಗಿ ಹೋಗಿತ್ತು.

ಈ ವರ್ಷ ಮಲ್ಲನ ಹೆಂಡತಿ ಹೆತ್ತಳು. ಪರಿಗಿಯ ತವರಿನಿಂದ ಕೂಸನ್ನು ಮನೆಗೆ ಕರೆತಂದ ದಿನ ಬಜೆ ತೇದು ನಾಲಿಗೆಗೆ ಹಚ್ಚುವುದು ನಮ್ಮಲ್ಲಿ ಅಜ್ಜಿಯ ಕೆಲಸ. ಹೆಣ್ಣುಮಕ್ಕಳೆಲ್ಲ ಸುತ್ತ ಕೂತಿದ್ದರು, ಗಂಡಸರು ಜಗಲಿಯಲ್ಲಿ ಆಂಧ್ರ ಬೇರೆಯಾದರೆ ನಾವು ಯಾವ ಕಡೆ ಎಂದು ವಾದ ಹಾಕುತ್ತಿದ್ದರು. ತೊಟ್ಟಿಲ ಪಕ್ಕದಲ್ಲಿ ಬಜೆಯ ಬಟ್ಟಲು ಹಿಡಿದು ನಾನು ಅಕ್ಕನನ್ನು ಕರೆದೆ. ಅವಳು ಎರಡು ಕೈಗಳನ್ನೂ ಸೆರಗಿನ ಒಳಗೆ ಸೇರಿಸಿಕೊಂಡಳು. ಮುಖದ ತುಂಬ ನಗು, ಕಣ್ಣು ಕೂಸಿನ ಮೇಲೆ.

'ನೀನೇ ಹಾಕು ಶಾಂತಾ. ಮೊದ್ಲನೇದು ನನ್ ಕೈ ಯಾಕೆ.'

ನಾನು ಹಾಕಿದೆ. ಕೂಸು ನನ್ನ ಬೆರಳನ್ನು ಚೀಪಿತು. ಅಜ್ಜಿಯ ಬೆರಳು ಸೆರಗಿನೊಳಗಿತ್ತು. ಆ ದಿನ ನಾನು ಊಟಕ್ಕೆ ಕೂರಲಿಲ್ಲ.

ಮರುದಿನ ಮಧ್ಯಾಹ್ನ ಹಿತ್ತಲಲ್ಲಿ ಇಬ್ಬರೇ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆವು. ಪೀಠಿಕೆ ಹಾಕಿದರೆ ಧೈರ್ಯ ಹೋಗುತ್ತದೆ ಎಂದು ಗೊತ್ತಿತ್ತು.

'ಅಕ್ಕಾ, ನಿನ್ ಕೈಯಲ್ಲಿ ಯಾವ ಕೊರತೇನೂ ಇರ್ಲಿಲ್ಲ. ಪಾಕದಲ್ಲಿ ಕುದಿಸಿದ್ರೆ ಆ ಹಾಲು ಸತ್ತುಹೋಗ್ತದೆ. ಮೊದ್ಲು ನಂಗೆ ಗೊತ್ತಿರ್ಲಿಲ್ಲ. ಮಲ್ಲನ ಸಲ ಗೊತ್ತಿತ್ತು.'

ಅವಳ ಕೈ ನಿಂತಿತು. 'ಗೊತ್ತಿತ್ತಾ?'

'ಗೊತ್ತಿತ್ತು ಅಕ್ಕಾ. ಗೊತ್ತಿದ್ದೇ ಕುದಿಸ್ದೆ.'

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಉಸಿರಾಡಲು ಒಂದು ದಾರಿ ಸಿಗುತ್ತಿತ್ತು. ಒಂದೇ ಒಂದು ಕೇಳಿದಳು.

'ಹಂಗಾರೆ ಅವತ್ತು ನನ್ ಮಗ ನನ್ ಕೈಲೇ ಉಳೀತಿದ್ನಾ?'

'ಉಳೀತಿದ್ದ.'

ಅವಳು ಎದ್ದು ಕೈ ತೊಳೆದುಕೊಂಡು ಒಳಗೆ ಹೋದಳು. ಆಮೇಲಿನ ದಿನಗಳಲ್ಲಿ ಬೇಕಾದಷ್ಟೇ ಮಾತಾಡಿದಳು, ನೀರು ಕಾದಿದೆ, ಅಕ್ಕಿ ಮುಗಿದಿದೆ, ಅಷ್ಟು. ಇಷ್ಟು ವರ್ಷದಲ್ಲಿ ಮೊದಲ ಬಾರಿ ನಾವಿಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಉಂಡೆವು. ಸೊಸೆ ಗಾಬರಿಯಾಗಿ ಏನಾಯ್ತು ಎಂದು ನನ್ನನ್ನು ಕೇಳಿದಳು. ನಮ್ಮ ಜಗಳ ಎಂದೆ. ಹಾಗೆ ಹೇಳುವಾಗ ವಿಚಿತ್ರವಾಗಿ ಹಗುರವಾಯಿತು, ಜಗಳವಾಡುವ ಹಕ್ಕು ಅವಳಿಗೆ ಕೊನೆಗೂ ಸಿಕ್ಕಿತಲ್ಲ ಎಂದು.

ಒಂದು ಬೆಳಗ್ಗೆ ಅವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

'ಹಸಿ ಹಾಲು ಯಾರ್ ಕೊಟ್ರೂ ಹುಳ ಸಾಯ್ತವೆ ಅಂತೀಯಲ್ಲ.'

'ಹೂಂ ಅಕ್ಕಾ.'

'ಹಂಗಾರೆ ನಿನ್ ಕೈಯಾಗೂ ಏನೂ ಇರ್ಲಿಲ್ಲ ಅಂದಂಗಾಯ್ತು.'

ನಾನು ಅದನ್ನು ಅಷ್ಟು ನೇರವಾಗಿ ಯಾವತ್ತೂ ಯೋಚಿಸಿರಲಿಲ್ಲ. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆನೋ ಅದು ಇರಲೇ ಇಲ್ಲ. 'ಇರ್ಲಿಲ್ಲ ಅಕ್ಕಾ' ಎಂದೆ. ಅವಳ ತುಟಿಯ ಅಂಚಿನಲ್ಲಿ ನಗುವಿನಂಥದ್ದು ಬಂದು ಹೋಯಿತು. ಅದನ್ನು ಕ್ಷಮೆ ಎಂದು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಆ ವಾರವೇ ಒಬ್ಬಳು ತಾಯಿ ಮಗುವನ್ನು ಎತ್ತಿಕೊಂಡು ಬಂದು ಜಗಲಿಯ ಮೇಲೆ ಕೂತಳು. ಶಾಂತಮ್ಮನವರ ಕೈಯಲ್ಲಿ ಬೇಕು ಎಂದಳು. ಓಬಳೇಶಪ್ಪನ ಮನೆಯವರೂ ಸೇರಿ ಬೀದಿಯ ನಾಲ್ಕು ಜನ ಅಲ್ಲಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಕನ್ನಡದಲ್ಲಿ ಒಮ್ಮೆ, ಆ ತಾಯಿಗೆ ತಿಳಿಯಲಿ ಎಂದು ತೆಲುಗಿನಲ್ಲಿ ಇನ್ನೊಮ್ಮೆ. ಅಕ್ಕ ಒಳಗೆ ಹೋಗಿ ಮುಳ್ಳು ತಂದಳು. ಎಳೆಯ ಕಾಯಿಗೆ ಗೀರು ಹಾಕಿ ಹಾಲು ಹಿಡಿದು, ಹಸಿಯಾಗಿಯೇ ಕಲಸಿ ಮಗುವಿಗೆ ನೆಕ್ಕಿಸಿದಳು. ಮರುದಿನ ಆ ತಾಯಿ ಮೂಗಿಗೆ ಸೆರಗು ಹಿಡಿದು ಬಂದು, ನನ್ನನ್ನು ದಾಟಿಕೊಂಡು ಹೋಗಿ ಅಕ್ಕನಿಗೆ ವರದಿ ಒಪ್ಪಿಸಿದಳು. ನಾನು ಕಡಲೆಕಾಯಿ ಸುಲಿಯುತ್ತಾ ಕೇಳಿಸಿಕೊಂಡೆ, ಬಹಳ ಸಂತೋಷವಾಯಿತು. ಆ ಸಂತೋಷಕ್ಕೂ ನಾನು ಅರ್ಹಳೋ ಅಲ್ಲವೋ ತಿಳಿಯದು.

ಇನ್ನೊಂದು ಉಳಿದಿದೆ. ಮಲ್ಲ ಈಗ ಹಿಂದೂಪುರದಲ್ಲಿ ನನ್ನ ಅಣ್ಣನ ಜೊತೆ ಮಂಡಿ ನೋಡಿಕೊಳ್ಳುತ್ತಾನೆ. ಈ ಸುದ್ದಿ ಅವನ ಕಿವಿಗೆ ಇನ್ನೂ ಬಿದ್ದಿಲ್ಲ. 'ಅವನಿಗ್ ಹೇಳ್ಬ್ಯಾಡ ಬಿಡು, ನಿನ್ ಮ್ಯಾಲೆ ಪ್ರಾಣ ಮಡಿಕ್ಕೊಂಡವ್ನೆ' ಎಂದು ಅಕ್ಕ ನಿನ್ನೆ ಅಂದಳು. ನಾನು 'ಆಗಲಿ' ಎನ್ನಲಿಲ್ಲ. ಅವನು ಯಾವಾಗ ಊರಿಗೆ ಬಂದರೂ ಬಸ್ಸಿಳಿದು ನೇರ ಮನೆಗೆ ಬರುತ್ತಾನೆ, ಹೆಗಲ ಚೀಲವನ್ನೂ ಇಳಿಸದೆ ಮೊದಲು ನನ್ನ ಕಾಲು ಮುಟ್ಟುತ್ತಾನೆ, ಅವನ ತಾಯಿಯದು ಆಮೇಲೆ. ಜೀವ ಕೊಟ್ಟವಳು ಚಿಕ್ಕಮ್ಮ ಎಂದು ಹೆಂಡತಿಗೂ ಹಾಗೇ ಹೇಳಿಕೊಟ್ಟಿದ್ದಾನೆ. ನಾಳೆ ಬೆಳಗಿನ ಬಸ್ಸಿಗೆ ಬರುತ್ತಾನೆ. ಬಾಗಿಲಲ್ಲೇ, ಅವನು ಬಗ್ಗುವ ಮೊದಲೇ ಹೇಳಬೇಕು.